ಜಾಲರಿಯ ಹಿಂದಿನ ಕೈ

ಕೇರಳದ ಪೆರುಂಬಾವೂರಿನಲ್ಲಿ ಕಾರಿಗೆ ಅಲಂಕಾರದ ಸಾಮಾನು ಕೂರಿಸುವ ಪೈಲಿಯ ಅಂಗಡಿಯಲ್ಲಿ ಬಂಪರ್ ಬಿಚ್ಚುವ ಪದ್ಧತಿ ಇರಲಿಲ್ಲ. ಬಿಚ್ಚಿದರೆ ಪ್ಲಾಸ್ಟಿಕ್ ಕೊಕ್ಕೆಗಳು ಮುರಿಯುತ್ತವೆ, ಗಿರಾಕಿಗಳು ಜಗಳಕ್ಕೆ ನಿಲ್ಲುತ್ತಾರೆ. ಅದರ ಬದಲು ಮಗಳು ಶೈಬಿ ರಟ್ಟು ಹಾಸಿಕೊಂಡು ಕಾರಿನ ಮೂತಿಯ ಕೆಳಗೆ ಅಂಗಾತ ಮಲಗುತ್ತಿದ್ದಳು. ಬಂಪರಿಗೂ ಹಿಂದಿನ ಕಬ್ಬಿಣದ ಪಟ್ಟಿಗೂ ನಡುವಿನ ಸಂದಿಯಲ್ಲಿ ತೂರುತ್ತಿದ್ದದ್ದು ಅವಳ ಸಪೂರ ಕೈ ಮಾತ್ರ. ಬಂಪರಿನ ಕಿಂಡಿಗೆ ಅಂದಕ್ಕೆಂದು ಹಾಕುವ ಲೋಹದ ಜಾಲರಿಯನ್ನು ಎಷ್ಟೇ ಬಾಗಿಸಿದರೂ ಅದು ಮತ್ತೆ ನೆಟ್ಟಗಾಗಲು ಹವಣಿಸುತ್ತದೆ. ಹೊರಗಿನಿಂದ ಒತ್ತಿದರೆ ಅಂಚು ಏಳುತ್ತದೆ; ಅಂಚಿಗೆ ಬಳಿದ ಅಂಟು ಕಚ್ಚುವವರೆಗೂ ಒಳಗಿನಿಂದ ಎಳೆದು ಹಿಡಿದಿರಬೇಕು. ರೇಡಿಯೋದಲ್ಲಿ ನಾಲ್ಕೈದು ಹಾಡು ಮುಗಿಯುವಷ್ಟು ಹೊತ್ತು. ಮೂಗು ತುರಿಸಿದರೂ ಕೈ ಬಿಡುವಂತಿಲ್ಲ.

ಆವತ್ತು ಬಂದದ್ದು ಬೇಸಿಲನ ಕಾರು. ಪ್ಲೈವುಡ್ ಮಿಲ್ಲಿನ ಬೇಸಿಲ್ ಹಿಂದಿನ ಭಾನುವಾರವಷ್ಟೇ ಶೈಬಿಯನ್ನು ನೋಡಲು ಮನೆಗೆ ಬಂದಿದ್ದ. ಅವಳ ಬಗ್ಗೆ ಕೇಳಬೇಕಾದ್ದನ್ನೆಲ್ಲ ಅವಳ ಎದುರೇ ಅವಳಪ್ಪನನ್ನು ಕೇಳಿದ್ದ, ಹಳೆಯ ಕಾರಿನ ಮೈಲೇಜು ವಿಚಾರಿಸುವವರ ಹಾಗೆ. ಶೈಬಿಗೆ ಅವನು ಬೇಡವಾಗಿದ್ದ. ಹಾಗೆಂದು ಅಪ್ಪನಿಗೆ ಹೇಳಲು ವಾರವಿಡೀ ಬಾಯಿ ಬಂದಿರಲಿಲ್ಲ.

ಅವಳು ಕೆಳಗೆ ಮಲಗಿ ಜಾಲರಿ ಹಿಡಿದ ಮೇಲೆ ಬೇಸಿಲನ ಜೊತೆ ಬಂದಿದ್ದ ಅವನ ಚಿಕ್ಕಪ್ಪ ಕುರ್ಯಾಕೋಸ್ ಮಾತು ತೆಗೆದ. ಅವಳಿಗೆ ಕಾಣುತ್ತಿದ್ದದ್ದು ಮೂವರ ಪಾದಗಳಷ್ಟೇ.

“ಪೈಲಿಚೇಟಾ, ನಾವು ಬಂದಿದ್ದು ಬರೀ ಇದಕ್ಕಲ್ಲ. ಮಾತು ಮುಗಿಸ್ಕೊಂಡೇ ಹೋಗೋದು. ಸಂಜೆ ಪಾದ್ರಿಗೆ ಹೇಳಿ ನಿಶ್ಚಯಕ್ಕೆ ದಿನ ಗೊತ್ತು ಮಾಡಿಸ್ತೀನಿ.”

“ಹುಡುಗಿನೂ ಇಲ್ಲೇ ಇದ್ದಾಳಲ್ಲ,” ಎಂದ ಪೈಲಿ.

“ಇದ್ದಾಳೆ. ಎದ್ದು ಓಡೋ ಹಾಗಂತೂ ಇಲ್ಲ,” ಎಂದ ಕುರ್ಯಾಕೋಸ್.

ಬೇಸಿಲ್ ನಕ್ಕ. “ಮದುವೆ ಆದ್ಮೇಲೆ ಈ ಕೆಲಸವೆಲ್ಲ ಬೇಡ ಅಂತ ಹೇಳ್ಬಿಡಿ ಚೇಟಾ.”

ಹೇಳಿಬಿಡಬೇಕಂತೆ, ಅಪ್ಪ. ಅವಳು ಅವನ ಕಾಲಿನಿಂದ ಒಂದು ಮೊಳ ದೂರದಲ್ಲಿದ್ದಳು. ಬೆರಳುಗಳು ಜೋಮು ಹಿಡಿಯುತ್ತಿದ್ದವು.

“ಹಂಗಾದ್ರೆ ಹೂಂ ಅನ್ನೋಣ,” ಎಂದ ಪೈಲಿ.

“ಅಪ್ಪಚ್ಚಾ, ನಂಗೆ ಈ ಮದುವೆ ಬೇಡ.”

ದನಿ ಸಣ್ಣದಾಗಿಯೇ ಬಂತು, ಆದರೆ ಎಲ್ಲರಿಗೂ ಕೇಳಿಸಿತು.

“ನೋಡಿ, ಎಂಥ ನಾಚಿಕೆ! ಮರ್ಯಾದಸ್ಥರ ಮನೆ ಹುಡುಗಿ ಅಂದ್ರೆ ಇದು,” ಎಂದ ಕುರ್ಯಾಕೋಸ್. “ನಮ್ಮನೆಯವಳೂ ಹಿಂಗೇ ಅಂದಿದ್ಲು. ಈಗ ನಾನೇ ಬೇಡ ಅಂದ್ರೂ ಬಿಡಲ್ಲ.”

ಮೂವರೂ ನಕ್ಕರು. ಎಲ್ಲರಿಗಿಂತ ಕೊನೆಗೆ ನಿಂತದ್ದು ಅಪ್ಪನ ನಗು. ಇಷ್ಟು ದಿನ ಹೇಳಲಿಲ್ಲವೆಂದು ಕೊರಗಿದ್ದಳು. ಈಗ ಹೇಳಿಯೂ ಆಗಿತ್ತು, ಏನೂ ಆಗಿರಲಿಲ್ಲ.

ಶೈಬಿ ಕೈ ಬಿಟ್ಟಳು.

ಜಾಲರಿ ಟಪ್ಪೆಂದು ಚಿಮ್ಮಿ ಬೇಸಿಲನ ಶೂ ಮೇಲೆ ಬಿತ್ತು.

“ಜಾರಿತಾ ಮಗಾ?” ಪೈಲಿ ಬೇಗಬೇಗನೆ ಹೊಸ ಅಂಟು ಕಲಸಿ ಬಳಿದು ಜಾಲರಿ ಕೂರಿಸಿದ. “ಹಿಡ್ಕೋ.”

ಅವಳು ಎರಡೂ ಕೈಗಳನ್ನು ಎದೆಯ ಮೇಲಿಟ್ಟುಕೊಂಡು ಮಲಗಿದ್ದಳು.

“ಶೈಬೀ, ಅಂಟು ಒಣಗ್ತದೆ.”

ಪೈಲಿ ಮಂಡಿಯೂರಿ ತನ್ನ ಕೈಯನ್ನೇ ಸಂದಿಗೆ ತುರುಕಿದ. ಗೆಣ್ಣಿನಿಂದಾಚೆ ಹೋಗಲಿಲ್ಲ, ಚರ್ಮ ಕಿತ್ತುಬಂತು. ಬಗ್ಗಿ ಮಗಳ ಮುಖ ನೋಡಿದ. ಅವಳು ಕಣ್ಣು ತಪ್ಪಿಸಲಿಲ್ಲ, ಅಷ್ಟಕ್ಕೇ ಅವಳಿಗೆ ಇದ್ದಬದ್ದ ಧೈರ್ಯವೆಲ್ಲ ಬೇಕಾಯಿತು.

“ನಾಚಿಕೆಗೆ ಅಂದಿದ್ದಲ್ಲ ಅಂತ ಅವರಿಗೆ ನೀವೇ ಹೇಳಿ. ಆಮೇಲೆ ಹಿಡೀತೀನಿ.”

“ಜನರ ಮುಂದೆ ಹಿಂಗಾ?”

“ಅವರ ಮುಂದೇನೇ.”

ಪೈಲಿಯ ಅಂಗೈ ಹೊರಗಿನಿಂದ ಜಾಲರಿಯನ್ನು ಒತ್ತಿ ಹಿಡಿದಿತ್ತು. ತೆಗೆದರೆ ಬೀಳುತ್ತದೆ, ಹಿಡಿದರೆ ಏಳುವಂತಿಲ್ಲ. ರೇಡಿಯೋದಲ್ಲಿ ಹಾಡು ಮುಗಿದು ಇನ್ನೊಂದು ಶುರುವಾಯಿತು. ಅವನು ಹಾಗೇ ಮಂಡಿಯ ಮೇಲೆ ಕೂತು, ತಲೆ ಎತ್ತದೆ, ಗಂಟಲು ಸರಿಮಾಡಿಕೊಂಡ.

“ಕುರ್ಯಾಕೋಸೇ,” ಎಂದ. “ಪಾದ್ರಿ ಹತ್ರ ಹೋಗ್ಬೇಡ.”