ಶುಕ್ರ ಎದ್ದು ಹೋದ ಮೇಲೆ

ಇಸ್ತ್ರಿ ಅಂಗಡಿಯ ಗೋಡೆಯ ಮೇಲೆ ಅಣ್ಣ ತನ್ನ ಕೈಯಾರೆ ಬರೆದ ಏಳು ಬಣ್ಣದ ಚುಕ್ಕೆಗಳಿದ್ದವು. ಹಾಲು ಕುಡಿಯುವಾಗ ಚಂದ್ರ, ಅಕ್ಷರ ಕಲಿಯುವಾಗ ಬುಧ, ಪ್ರಾಯಕ್ಕೆ ಶುಕ್ರ, ಆಮೇಲೆ ಸೂರ್ಯ, ಕುಜ, ಗುರು. ಅರವತ್ತೆಂಟು ತುಂಬಿತೋ, ಶನಿ. ಮನುಷ್ಯನ ಆಯಸ್ಸನ್ನು ಗ್ರಹಗಳು ಹೀಗೆ ಹಂಚಿಕೊಂಡಿವೆ ಎಂಬುದು ಅವನ ನಂಬಿಕೆ. ಹಂಚುವವನು ಮಾತ್ರ ಯಾವಾಗಲೂ ಅವನೇ.

ಬೀಗ ರಿಪೇರಿಯವನು ತಂಗಿಯನ್ನು ಮದುವೆಗೆ ಕೇಳಿಕೊಂಡು ಬಂದಾಗ ಅವಳಿಗೆ ಇಪ್ಪತ್ತಮೂರು. ಅವನೆಂದರೆ ಅವಳಿಗೆ ಪ್ರಾಣ. ಅಣ್ಣ ಬಟ್ಟೆಗಂಟಿನಿಂದ ತಲೆಯೆತ್ತಲಿಲ್ಲ.

“ಶುಕ್ರ ಇಪ್ಪತ್ತೆರಡಕ್ಕೇ ಎದ್ದು ಹೋದ ಕಣೆ. ಈಗ ಸೂರ್ಯ. ಸೂರ್ಯ ಅಂದ್ರೆ ದುಡಿಮೆ.”

ತಾನು ಮೂವತ್ತಕ್ಕೆ ಮದುವೆಯಾದದ್ದು ಪುಣ್ಯಾತ್ಮನಿಗೆ ಮರೆತೇಹೋಗಿತ್ತು. ನಲವತ್ತೊಂದಕ್ಕೆ ಅವಳಿಗೆ ಕುಜನ ಕಾಲ ಬಂದಾಗ, “ಕುಜ ಅಂದ್ರೆ ಬೆಂಕಿ. ಇಸ್ತ್ರಿ ಕೆಲಸ ನಿನಗೆ ಹೇಳಿ ಮಾಡಿಸಿದ್ದು” ಎಂದ. ಗುರು ಬಂದಾಗ, ತಾಳ್ಮೆ ಇರಲಿ ಎಂದ.

ತಾಳಿಕೊಂಡಳು. ಯಾಕೆಂದರೆ ಅತ್ತಿಗೆ ತೀರಿಕೊಂಡ ವರ್ಷ ಅಣ್ಣ ಮಾತು ಕೊಟ್ಟಿದ್ದ: “ನನಗೆ ಶನಿ ಬರ್ಲಿ, ಮೂಲೆ ಹಿಡೀತೀನಿ. ಅಂಗಡಿ ಬೀಗದ ಕೈ ನಿಂದೇ.” ಒಡಹುಟ್ಟಿದವನಿಗೆ ಶನಿ ಹಿಡಿಯಲೆಂದು ಕಾಯುವುದು ಪಾಪವೇ. ಆದರೂ ಕಾದಳು.

ಅರವತ್ತೆಂಟು ತುಂಬಿದ ಬೆಳಿಗ್ಗೆ ಅಣ್ಣ ಮೀಸೆಗೆ ಕಪ್ಪು ಹಚ್ಚಿಕೊಂಡು ಬಂದ.

“ಜ್ಯೋತಿಷಿ ಲೆಕ್ಕ ಹಾಕಿದ್ರು. ಶನಿ ನನ್ನ ದಾಟಿ ಹೋದನಂತೆ. ಮತ್ತೆ ಶುಕ್ರ! ಹುಡುಗೀನೂ ನೋಡಿಯಾಯ್ತು.”

“ದಾಟಿ ಹೋದ ಶನಿ ಯಾರ ಹೆಗಲೇರಿದ ಅಣ್ಣಾ?”

ಅಣ್ಣ ಬಿಳಿ ಅಂಗಿ ಚಾಚಿದ. “ಕಾಲರ್ ಚೆನ್ನಾಗಿ ನಿಲ್ಬೇಕು ನೋಡು.”

ಅವಳು ಕಾದ ಇಸ್ತ್ರಿಪೆಟ್ಟಿಗೆ ಎತ್ತಿಕೊಂಡಳು. ಅಂಗಿಯನ್ನು ಸುಟ್ಟುಬಿಡಲೇ ಅನ್ನಿಸಿತು. ಆದರೆ ಅಷ್ಟು ವರ್ಷ ಪಳಗಿದ ಕೈ ಮಾತು ಕೇಳಬೇಕಲ್ಲ. ಕಾಲರ್ ಅಚ್ಚುಕಟ್ಟಾಗಿಯೇ ನಿಂತಿತು.

ಮದುವೆಯಾದ ವಾರವೇ ಬೀಗದ ಕೈ ಗೊಂಚಲು ಹೊಸ ಅತ್ತಿಗೆಯ ಸೊಂಟ ಸೇರಿತು. ಅವಳೋ, ಕಂಡವರ ಮನೆಯ ಪಾತ್ರೆ ತಿಕ್ಕಿ ಬದುಕಿದ್ದ, ನಲವತ್ತೆರಡರ ಬಡಪಾಯಿ. ಮೊದಲ ದಿನ ಅಂಗಡಿಗೆ ಬಂದವಳು ಗೋಡೆಯ ಚುಕ್ಕೆಗಳ ಮುಂದೆ ನಿಂತು ಆಸೆಯಿಂದ ಕೇಳಿದಳು.

“ಅಕ್ಕಾ, ನನಗೀಗ ಯಾವ ಗ್ರಹ? ಒಳ್ಳೇದೇ ಅಲ್ವಾ?”

ಇಲ್ಲಿಂದ ಓಡಿಹೋಗು ತಾಯಿ ಎನ್ನಬಹುದಿತ್ತು. ಮಾತು ನಾಲಿಗೆಯ ತುದಿಗೂ ಬಂತು. ಅಷ್ಟರಲ್ಲಿ ಅವಳ ಸೊಂಟದ ಗೊಂಚಲು ಗಲಗಲ ಎಂದಿತು.

“ಕುಜ” ಎಂದು ಇಸ್ತ್ರಿಪೆಟ್ಟಿಗೆಯನ್ನು ಅವಳ ಕೈಗಿಟ್ಟಳು. “ಇಸ್ತ್ರಿ ಕೆಲಸ ನಿನಗೆ ಹೇಳಿ ಮಾಡಿಸಿದ್ದು.”