ಹಸಿರು ಗುಂಡಿ

ನಾನು ಜಯಕುಮಾರ್. ಮಧುಗಿರಿ ಬಸ್‌ಸ್ಟ್ಯಾಂಡ್ ಹಿಂದೆ ನನ್ನದೊಂದು ಅಂಗಡಿ. ಬೋರ್‌ವೆಲ್ ಮೋಟಾರಿನ ಸ್ಟಾರ್ಟರ್ ಕೂರಿಸುವುದು, ರಿಪೇರಿ ಮಾಡುವುದು ಕಸುಬು. ಮನುಷ್ಯನ ಕೈಗೂ ಮೋಟಾರಿಗೂ ನಡುವೆ ಇರುವ ಪೆಟ್ಟಿಗೆಗಳನ್ನು ಇಪ್ಪತ್ತೆರಡು ವರ್ಷದಿಂದ ನೋಡಿದ್ದೇನೆ. ಹಳೆಯದಕ್ಕೆ ಎರಡು ಗುಂಡಿ: ಹಸಿರು ಒತ್ತಿದರೆ ಓಡುತ್ತದೆ, ಕೆಂಪು ಒತ್ತಿದರೆ ನಿಲ್ಲುತ್ತದೆ. ಒತ್ತಲು ತೋಟದವರೆಗೆ ನಡೆಯಬೇಕು, ಅಷ್ಟೇ ಕಷ್ಟ. ಆ ಕಷ್ಟ ತಪ್ಪಿಸಲು ಯಾರೋ ಜಾಣರು ಮೊಬೈಲ್ ಸ್ಟಾರ್ಟರ್ ಮಾಡಿದರು. ಪೆಟ್ಟಿಗೆಯೊಳಗೆ ಒಂದು ಸಿಮ್. ಅದಕ್ಕೊಂದು ಮಿಸ್ಡ್ ಕಾಲ್ ಕೊಟ್ಟರೆ ಮೋಟಾರ್ ಆನ್, ಇನ್ನೊಂದು ಕೊಟ್ಟರೆ ಆಫ್. ಓಡಿಸುವುದಕ್ಕೂ ನಿಲ್ಲಿಸುವುದಕ್ಕೂ ಒಂದೇ ಕೆಲಸ ಇಟ್ಟವನ ತಲೆಯಲ್ಲಿ ಏನಿತ್ತೋ! ಆದರೆ ಬೈಯುವ ಹಕ್ಕು ನನಗಿಲ್ಲ. ಸುತ್ತಮುತ್ತ ನಲವತ್ತು ತೋಟಕ್ಕೆ ಅದನ್ನು ಕೂರಿಸಿದವನು ನಾನೇ.

ಕೊಳಾಲದ ಹತ್ತಿರ ಕಾಡಸಿದ್ದಪ್ಪನ ತೋಟಕ್ಕೂ ಕೂರಿಸಿದೆ. ಅವನ ನಂಬರಿನ ಜೊತೆಗೆ, ಇರಲಿ ಅಂತ, ಹೆಂಡತಿ ಲಕ್ಕಮ್ಮನ ನಂಬರನ್ನೂ ಸೇರಿಸಿದೆ. ಆಕೆಗೆ ಓದು ಬಾರದು. ಕೈಯಲ್ಲಿ ಗುಂಡಿಗಳ ಹಳೇ ಫೋನು. "ಹಸಿರು ಗುಂಡಿ ಎರಡು ಸಲ ಒತ್ತಕ್ಕ, ಕಡೇಲಿ ಯಾರಿಗೆ ಮಾಡಿದ್ಯೋ ಅವರಿಗೇ ಹೋಗುತ್ತೆ" ಎಂದು ಹೇಳಿಕೊಟ್ಟವನೂ ನಾನೇ. ಆಕೆ ಫೋನ್ ಮಾಡುತ್ತಿದ್ದದ್ದು ಗಂಡನೊಬ್ಬನಿಗೆ. ಮುದ್ದೆ ಆದ ಮೇಲೆ ಒಂದು ಮಿಸ್ಡ್ ಕಾಲ್. ಊಟಕ್ಕೆ ಬಾ ಎಂದು ಅರ್ಥ. ಕಾಡಸಿದ್ದಪ್ಪ ಫೋನ್ ಎತ್ತುತ್ತಿರಲಿಲ್ಲ, ಎದ್ದು ಬರುತ್ತಿದ್ದ.

ಕಳೆದ ಶ್ರಾವಣದ ಒಂದು ಬೆಳಗ್ಗೆ ಬೋರಿನ ಹತ್ತಿರ ಕೇಬಲ್ ಜಾಯಿಂಟ್ ಬಿಸಿಯಾಗಿ ಹೊಗೆಯಾಡುತ್ತಿತ್ತು. ಅವನು ಮನೆಗೆ ಬಂದು ಟೇಪು, ಕಟಿಂಗ್ ಪ್ಲೇಯರ್ ತೆಗೆದುಕೊಂಡ. ಮಗಳು ಹರ್ಷಿತಾ, ಒಂಬತ್ತನೇ ಕ್ಲಾಸು, ಅಮ್ಮನ ಫೋನ್ ಹಿಡಿದು ಕೂತಿದ್ದಳು. "ಮೋಟಾರ್ ಆಫ್ ಮಾಡವ್ವಾ" ಎಂದ. ಅವಳು ಆ ಫೋನಿನಿಂದಲೇ ಮೋಟಾರಿಗೆ ರಿಂಗ್ ಕೊಟ್ಟು ಸ್ಕೂಲಿಗೆ ಹೋದಳು.

ಹಳೇ ಸ್ಟಾರ್ಟರ್ ಇದ್ದಾಗ ಕಾಡಸಿದ್ದಪ್ಪ ಫ್ಯೂಸ್ ಕಿತ್ತು ಅಂಗಿ ಜೇಬಿಗೆ ಹಾಕಿಕೊಳ್ಳದೆ ವೈರು ಮುಟ್ಟುತ್ತಿರಲಿಲ್ಲ. ನಮ್ಮ ಕಡೆ ಎಲ್ಲರೂ ಹಾಗೇ. ಈಗ ಪೆಟ್ಟಿಗೆ ತೋಟದ ಆ ತುದಿ, ಬೋರು ಈ ತುದಿ. ಫೋನಿನಲ್ಲೇ ಆಫ್ ಆದ ಮೇಲೆ ಅಲ್ಲಿಯವರೆಗೆ ಯಾರು ನಡೆಯುತ್ತಾರೆ? ಬೇರೆ ಕೆಲಸವೆಲ್ಲ ಮುಗಿಸಿ ಬಂದು ಬರಿಗೈಯಲ್ಲಿ ವೈರಿನ ತುದಿ ಕೆರೆಯುತ್ತಾ ಕೂತ. ಮಧ್ಯಾಹ್ನ ಹನ್ನೆರಡೂ ನಲವತ್ತಕ್ಕೆ ಲಕ್ಕಮ್ಮ ಮುದ್ದೆ ಇಳಿಸಿ, ಹಸಿರು ಗುಂಡಿ ಎರಡು ಸಲ ಒತ್ತಿದಳು.

ಕಾಡಸಿದ್ದಪ್ಪ ಕರೆಂಟ್ ಹೊಡೆದು ಸತ್ತ ಸುದ್ದಿ ಕೇಳಿ ಓಡಿದವನು ಪೊಲೀಸರು ಬರುವ ಮೊದಲು ಪೆಟ್ಟಿಗೆ ತೆರೆದೆ. ಕೊನೆಯ ಕರೆ ಬಂದ ಲಕ್ಕಮ್ಮನ ನಂಬರು, ಹೊತ್ತು ಎರಡೂ ಅದರಲ್ಲಿದ್ದವು. ಈ ಹೆಂಗಸಿಗೆ ಇದು ಗೊತ್ತಾದರೆ ಬದುಕುವುದಿಲ್ಲ ಎನ್ನಿಸಿತು. ಅಳಿಸಿಬಿಟ್ಟೆ.

"ಪೆಟ್ಟಿಗೆ ಕೆಟ್ಟಿತ್ತು. ತಾನಾಗೇ ಆನ್ ಆಗೈತೆ. ನಾನು ಸರಿಯಾಗಿ ಕೂರಿಸಿರ್ಲಿಲ್ಲ" ಎಂದು ಊರೆಲ್ಲ ಕೇಳುವ ಹಾಗೆ ಹೇಳಿದೆ. ಕೇಸಾಯಿತು. ಮಧುಗಿರಿ ಕೋರ್ಟಿಗೆ ಅಲೆಯುತ್ತಿದ್ದೇನೆ. ಪೆಟ್ಟಿಗೆ ಹಾಕಿಸಿಕೊಂಡವರು ಒಬ್ಬೊಬ್ಬರೇ ಬಿಚ್ಚಿ ತಂದು ಅಂಗಡಿ ಮುಂದೆ ಎಸೆದು ಹೋದರು.

ಎರಡು ತಿಂಗಳಾದ ಮೇಲೆ ಲಕ್ಕಮ್ಮ ಒಬ್ಬಳೇ ಅಂಗಡಿಗೆ ಬಂದಳು. ಸ್ಟೂಲ್ ಕೊಟ್ಟರೂ ಕೂರಲಿಲ್ಲ.

"ಜಯಣ್ಣ, ನೀನು ಸುಳ್ಳು ಹೇಳ್ದೆ."

"ಇಲ್ಲ ಕಣಕ್ಕ, ಪೆಟ್ಟಿಗೇನೇ..."

"ಸುಮ್ಕಿರು. ಅವರಿಗೆ ಮಾಡಿದ್ರೆ ಫೋನಾಗೆ ದೇವ್ರ ಹಾಡು ಬರ್ತಿತ್ತು. ಅವತ್ತು ಬರ್ಲಿಲ್ಲ. ಟ್ರಿಣ್ ಅಂತು, ಕಟ್ಟಾಯ್ತು. ಏನೋ ಅಂಗಾಗಿರ್ಬೇಕು ಅಂತ ಮುದ್ದೆ ಮುಚ್ಚಿಟ್ಟು ಕೂತ್ಕಂಡೆ."

ನನಗೆ ಅಳು ಬಂತು, ಆಕೆ ಅಳಲಿಲ್ಲ.

"ನಿನ್ನ ಯಾಪಾರ ಹಾಳಾಯ್ತಂತೆ. ಟೇಸನ್ನಿಗೆ ಹೋಗಿ ಇರೋದು ಹೇಳ್ಬುಡಾನ ಅಂತ್ಲೇ ಬಸ್ ಹತ್ತಿದ್ದೆ. ದಾರೀಲಿ ಯೋಚ್ನೆ ಬಂತು. ನಾನು ಒತ್ತಿದ್ದು ಅಂದ್ರೆ, ಅದು ಮೋಟಾರಿಗೆ ಹೆಂಗೆ ಹೋಯ್ತು ಅಂತಾರೆ. ಬೆಳಗ್ಗೆ ಆ ಫೋನಾಗೆ ಮೋಟಾರಿಗೆ ಯಾರು ಮಾಡಿದ್ರು ಅಂತಾರೆ. ನಾನು ಹೆಂಗೋ ತಡ್ಕಂತೀನಿ. ಅವಳಿನ್ನೂ ಮಗು ಕಣಣ್ಣ."

"ಇದು ನನ್ನ ಮೇಲೇ ಇರ್ಲಿ ಬುಡಕ್ಕ."

ಆಕೆ ಕೈ ಮುಗಿದಳು. ನನಗೆ ಕೈ ಮುಗಿದಳಲ್ಲ ಎಂದು ನಾಚಿಕೆಯಿಂದ ಸತ್ತುಹೋದೆ.

ಹೋದ ವಾರ ಕೆಲಸವಿತ್ತೆಂದು ಕೊಳಾಲಕ್ಕೆ ಹೋಗಿದ್ದೆ. ಬಸ್ಸಿಗೆ ಕಾಯುತ್ತಿರುವಾಗ ಸ್ಕೂಲು ಬಿಟ್ಟಿತು. ಹರ್ಷಿತಾ ನನ್ನನ್ನು ಕಂಡು ನಿಂತಳು. ಪಕ್ಕದ ಗೆಳತಿಗೆ, ನನಗೆ ಕೇಳಲೆಂದೇ ಜೋರಾಗಿ ಹೇಳಿದಳು:

"ಇವನೇ ಕಣೇ, ನಮ್ಮಪ್ಪನ್ನ ಸಾಯ್ಸಿದೋನು."

ಅಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ನಾನು ಅಲ್ಲ ಅನ್ನಲಿಲ್ಲ. ಅವಳು ದೊಡ್ಡವಳಾಗುವವರೆಗೂ ಹಾಗೇ ಅನ್ನಲಿ, ಆಮೇಲೂ ಅನ್ನಲಿ.