ಪಾಲಾಕ್ಷನ ಇನ್ನೂರ ಹನ್ನೆರಡು ಪಾಸ್‌ವರ್ಡು

ಹೊಳೆನರಸೀಪುರದ ಬಸ್ ಸ್ಟ್ಯಾಂಡ್ ಹಿಂದೆ ಪಾಲಾಕ್ಷನ ಅಂಗಡಿ. ಅಲ್ಲಿ ಒಂದು ಜೆರಾಕ್ಸ್ ಮಿಷನ್ನು, ಒಂದು ಕಂಪ್ಯೂಟರು, ಮತ್ತು ಸುತ್ತಲ ಹಳ್ಳಿಗಳ ಇನ್ನೂರ ಹನ್ನೆರಡು ಜನರ ಪಾಸ್‌ವರ್ಡು. ಅರ್ಜಿ ತುಂಬಿಸಲು ಬಂದವರಿಗೆಲ್ಲ ಪಾಸ್‌ವರ್ಡ್ ಇಟ್ಟುಕೊಟ್ಟವನೂ ಅವನೇ: ಮನೆದೇವರ ಹೆಸರು, ಅದರ ಪಕ್ಕ ಹುಟ್ಟಿದ ವರ್ಷ. ಜನಕ್ಕೆ ಮರೆಯದಿರಲಿ ಅಂತ. ಯಾರ ಮನೆಗೆ ಯಾವ ದೇವರು ಎಂದು ಬಾಯಿಪಾಠ ಒಪ್ಪಿಸುವಾಗ ಅವನ ಮುಖದ ಕಳೆಯನ್ನು ನೋಡಬೇಕಿತ್ತು.

ಬೆಳೆ ವಿಮೆ ಅರ್ಜಿಗೆ ನಾಲ್ಕೇ ದಿನ ಉಳಿದಿತ್ತು. ಬಂದವರಲ್ಲಿ ಅರ್ಧ ಜನರ ಸರ್ಕಾರಿ ವೆಬ್‌ಸೈಟಿನ ಅಕೌಂಟು ತೆರೆಯುತ್ತಲೇ ಇರಲಿಲ್ಲ. ಬಸ್ಸು ಹಿಡಿದು ಬಂದವರನ್ನು ಸುಮ್ಮನೆ ವಾಪಸ್ ಕಳಿಸಲು ಪಾಲಾಕ್ಷನಿಗೆ ಸಂಕಟ. ಯಾರದು ಕೆಟ್ಟಿದೆ ಎಂದು ಮೊದಲೇ ಗೊತ್ತಾದರೆ ಫೋನ್ ಮಾಡಿ ಹೇಳಬಹುದಲ್ಲ? ಹುಡುಕಿದ. ಒಂದು ವಿಡಿಯೋದಲ್ಲಿ ಅದಕ್ಕೊಂದು ಸಾಫ್ಟ್‌ವೇರು ಸಿಕ್ಕೇಬಿಟ್ಟಿತು: ಪಾಸ್‌ವರ್ಡ್ ಪಟ್ಟಿ ಹಾಕಿ ಗುಂಡಿ ಒತ್ತಿದರೆ ಸರಿಯಿದ್ದದ್ದು ಹಸಿರು, ತಪ್ಪಿದ್ದು ಕೆಂಪು. ಪುಕ್ಕಟೆ ಬೇರೆ. ಡೌನ್‌ಲೋಡ್ ಮಾಡುವಾಗ ಆಂಟಿವೈರಸ್ ಬಡಕೊಂಡಿತು. ಅದನ್ನು ಆಫ್ ಮಾಡಿ ಎಂದು ವಿಡಿಯೋದವನು ಹೇಳಿದ್ದ. ಪುಣ್ಯಾತ್ಮ ಅದನ್ನೂ ಮಾಡಿ, ಇಡೀ ಪಟ್ಟಿ ಹಾಕಿ ಗುಂಡಿ ಒತ್ತಿದ.

ಶನಿವಾರ ಮಧ್ಯಾಹ್ನ ಹಾಸನದಲ್ಲಿ ಲಾ ಓದುವ ಮಗಳು ಮಾನ್ಯ ಬಂದಳು. ಅವಳಿಗೆ ತೋರಿಸದೆ ಅವನಿಗೆ ತಡೆಯದು.

“ನೋಡು ಪುಟ್ಟಾ, ಒಂದೇ ಏಟಿಗೆ ಇನ್ನೂರ ಹನ್ನೆರಡು!”

ಮಾನ್ಯ ನೋಡಿದವಳೇ, ಬ್ಯಾಗನ್ನೂ ಕೆಳಗಿಡದೆ ಇಂಟರ್ನೆಟ್ ವೈರು ಕಿತ್ತಳು.

“ಅಪ್ಪಾಜಿ, ಇದು ಕದ್ದ ಪಾಸ್‌ವರ್ಡು ನಡೀತದಾ ಇಲ್ವಾ ಅಂತ ನೋಡೋಕೆ ಕಳ್ರು ಇಟ್ಕೊಂಡಿರೋದು. ನೀವು ಹಾಕಿದ ಪಟ್ಟಿ ಇದನ್ನ ಮಾಡ್ದೋನ ಕೈಗೂ ಹೋಗಿರ್ತದೆ. ಕಂಪ್ಯೂಟರೊಳಗೆ ಇನ್ನೇನು ಬಿಟ್ಟವ್ನೋ!”

“ನಾನೇನು ಕದ್ನಾ? ಅವ್ರೇ ನಂಬಿ ಕೊಟ್ಟಿದ್ದಲ್ವಾ?”

“ಅರ್ಜಿ ತುಂಬೋಕೆ ಕೊಟ್ಟಿದ್ರು. ಕೇಳ್ದೆ ಹಿಂಗೆಲ್ಲಾ ಅವ್ರ ಅಕೌಂಟ್ ತೆಗೆದ್ರೆ ಕೇಸಾಗ್ಬೋದು. ಪೊಲೀಸ್ರಿಗೆ ಸಿಗೋದು ನಮ್ಮಂಗಡಿ ಅಡ್ರೆಸ್ಸೇ.”

ಪಾಲಾಕ್ಷ ಸ್ಟೂಲಿನ ಮೇಲೆ ಕುಸಿದ. ಕೇಸಿಗಿಂತ ಅವನನ್ನು ಹೆದರಿಸಿದ್ದು ಬೇರೆ: ಇಪ್ಪತ್ತು ವರ್ಷ ನಂಬಿ ಬಂದ ಜನ ಇನ್ನು ಈ ಮೆಟ್ಟಿಲು ಹತ್ತುತ್ತಾರಾ? ಬಾಯಿ ಮುಚ್ಚಿಕೊಂಡಿದ್ದರೆ ಸದ್ಯಕ್ಕೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಮನುಷ್ಯ ಮುಚ್ಚಿಕೊಳ್ಳಲಿಲ್ಲ. ಅವನ ಮೇಲೆ ಪ್ರೀತಿ ಬರುವುದು ಇಂಥದ್ದಕ್ಕೇ.

ರಾತ್ರಿಯವರೆಗೂ ಅಪ್ಪ ಮಗಳು ಒಬ್ಬೊಬ್ಬರಿಗೂ ಫೋನ್ ಮಾಡಿದರು. “ನನ್ನ ಕೈಯಿಂದ ನಿಮ್ಮ ಪಾಸ್‌ವರ್ಡ್ ಕಳ್ರ ಪಾಲಾಗ್ಬಿಟ್ಟಿದೆ. ಬಂದು ಬದಲಾಯಿಸ್ಕೊಳಿ.” ಸೋಮವಾರ ಹಾಸನದ ಸೈಬರ್ ಪೊಲೀಸರಿಗೂ ನಡೆದದ್ದನ್ನು ಬರೆದುಕೊಡುವುದೆಂದು ತೀರ್ಮಾನವಾಯಿತು.

ಭಾನುವಾರ ಬೆಳಿಗ್ಗೆ ಅಂಗಡಿ ಮುಂದೆ ಜನ ನೆರೆದರು. ಮೇಜಿನ ಮೇಲೆ ಅಂಗಡಿಯ ಕಂಪ್ಯೂಟರಿನ ಬದಲು ಮಾನ್ಯಳ ಲ್ಯಾಪ್‌ಟಾಪ್ ಇತ್ತು. ಅವರಲ್ಲೊಬ್ಬ, ಚಂದ್ರಯ್ಯ, ಬಾಯಿಗೆ ಬಂದಂತೆ ಬೈದು, ಬೇರೆ ಅಂಗಡಿಗೆ ಹೋಗುತ್ತೇನೆಂದು ಹೊರಟೇಹೋದ. ಉಳಿದವರು ರಸ್ತೆಯಲ್ಲೇ ನಿಂತರು, ಒಬ್ಬರೂ ಒಳಗೆ ಕಾಲಿಡಲಿಲ್ಲ. ಪಾಲಾಕ್ಷ ಲ್ಯಾಪ್‌ಟಾಪ್ ಮುಂದೆ ಖಾಲಿ ಕುರ್ಚಿ ಎಳೆದಿಟ್ಟು ಕಾದ.

“ಜರುಗ್ರಲಾ,” ಎನ್ನುತ್ತ ಹರದನಹಳ್ಳಿಯ ಪುಟ್ಟತಾಯಮ್ಮ ನುಗ್ಗಿ ಬಂದು ಲ್ಯಾಪ್‌ಟಾಪ್ ಮುಂದೆ ಕೂತರು. ಏಳನೇ ಕ್ಲಾಸು ಓದಿದ ಮುದುಕಿ. ಪಾಲಾಕ್ಷ ಗೋಡೆ ಕಡೆ ತಿರುಗಿ ನಿಂತು ಹೇಳಿದ.

“ಈ ಸಲ ಮನೆದೇವ್ರು ಬ್ಯಾಡ ಅವ್ವಾ. ನಿಮ್ಗೊಬ್ರಿಗೇ ಗೊತ್ತಿರೋ ಥರದ್ದು ಹಾಕಿ.”

ಒಂದೇ ಬೆರಳಲ್ಲಿ ಟಕ್, ಟಕ್ ಎಂದು ಬಹಳ ಹೊತ್ತು ಸದ್ದಾಯಿತು.

“ಆಯ್ತು ಕಣಪ್ಪಾ. ಕಿವಿ ತತ್ತಾ ಇಲ್ಲಿ, ಏಳ್ಬುಡ್ತೀನಿ.”

“ಅಯ್ಯೋ, ಬ್ಯಾಡ! ನಂಗೂ ಹೇಳ್ಬಾರ್ದು!”

“ಮಾಡಿದ್ ತಪ್ನ ಮನೆಮನೆಗೂ ಪೋನ್ ಮಾಡಿ ಏಳ್ದೋನು ನೀನು. ನಿಂಗೇಳ್ದೆ ಇನ್ಯಾರ್ಗೇಳ್ಲಿ?”

ಹೊರಗೆ ಯಾರೋ ನಕ್ಕರು. ನಗುತ್ತಲೇ ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ ಸಾಲು ನಿಂತರು. ಪುಟ್ಟತಾಯಮ್ಮ ಪಾಲಾಕ್ಷನ ತೋಳು ಹಿಡಿದು ಎಳೆಯುತ್ತಿದ್ದರು. ಅವನು ಎರಡೂ ಕಿವಿ ಬಲವಾಗಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತ, ಬ್ಯಾಡ ಅವ್ವಾ ಬ್ಯಾಡ ಎನ್ನುತ್ತಲೇ ಇದ್ದ.